ಹಾರುವ ಮುನ್ನ

ನಿವೃತ್ತನಾಗಿ ವರ್ಷಗಳು ಕಳೆದರೂ ವಿಜ್ಞಾನದ ಪಾಠ ನನ್ನನ್ನು ಬಿಟ್ಟಿಲ್ಲ. ಈಚೆಗೆ ಅದು ಒಂದು ಆಟಿಕೆಯ ರೂಪದಲ್ಲಿ ಮನೆಗೇ ಬಂದಿತು. ಆಟಿಕೆ ಎಂದರೆ ನನ್ನ ತಮ್ಮನ ಮಗ ಮುನಿಸಿಕೊಳ್ಳುತ್ತಾನೆ. ಎಂಜಿನಿಯರಿಂಗ್ ಓದುತ್ತಿರುವ ಅವನು ರಜೆಗೆ ಬರುವಾಗ ತಂದದ್ದು ರಿಮೋಟ್‌ನಿಂದ ನಡೆಸುವ ಮಾದರಿ ಹೆಲಿಕಾಪ್ಟರ್. ಅದರ ಹಾರಾಟ ಐದಾರು ನಿಮಿಷದ್ದು. ಸಿದ್ಧತೆಗೆ ಮಾತ್ರ ಒಂದು ಇಡೀ ಬೆಳಗು ಬೇಕು.

ಮೊದಲು ಬ್ಯಾಟರಿ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶವೂ ಪೂರ್ಣ ತುಂಬಿದಾಗ 4.2 ವೋಲ್ಟ್ ತೋರಿಸಬೇಕು. ಮೂರು ಕೋಶಗಳಿಗೆ 12.6. ಉಬ್ಬಿದ ಬ್ಯಾಟರಿಯನ್ನು ಬಳಸುವಂತಿಲ್ಲ, ಏಕೆಂದರೆ ಅದಕ್ಕೆ ಬೆಂಕಿ ಹೊತ್ತಿಕೊಳ್ಳುವ ಭಯವಿದೆ. ಅನಂತರ ರೆಕ್ಕೆಗಳು. ಎರಡನ್ನೂ ಬುಡಕ್ಕೆ ಬುಡ ಸೇರಿಸಿ, ತಕ್ಕಡಿಯ ದಂಡದಂತೆ ನಡುವೆ ಹಿಡಿದು ತೂಗಿಬಿಟ್ಟ. ಹಗುರವಾಗಿದ್ದ ರೆಕ್ಕೆಗೆ ಚಿಕ್ಕದೊಂದು ಟೇಪಿನ ತುಂಡು ಅಂಟಿಸಿ ಸಮ ಮಾಡಿದ. ಆಮೇಲೆ ಯಂತ್ರವನ್ನು ರೆಕ್ಕೆಗಳ ನಡುವಿನ ದಂಡದಲ್ಲಿ ಎರಡು ಬೆರಳಿನಿಂದ ಎತ್ತಿ ಹಿಡಿದ. ಮೂಗು ಕೆಳಕ್ಕೆ ವಾಲಿತು. ಬ್ಯಾಟರಿಯನ್ನು ತುಸು ಹಿಂದಕ್ಕೆ ಸರಿಸಿದಾಗ ಸಮತಲಕ್ಕೆ ಬಂದಿತು. ಗುರುತ್ವ ಕೇಂದ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಗುರುತಿಸಿದ್ದೇನೆ. ಅದು ಹೀಗೆ ಬೆರಳ ತುದಿಗೆ ಸಿಕ್ಕಿದ್ದು ಕಂಡು ಸಂತೋಷವಾಯಿತು.

ಸಂಜೆ ಕೊಯ್ಲಾದ ಗದ್ದೆಯ ಬಯಲಿಗೆ ಹೋದೆವು. ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಹತ್ತಿಪ್ಪತ್ತು ಮಕ್ಕಳು, ನಾಲ್ಕಾರು ಹಿರಿಯರು ಬದುವಿನ ಮೇಲೆ ಕಾದಿದ್ದರು. ಅವನು ಮೊದಲು ಕೈಯಲ್ಲಿನ ನಿಯಂತ್ರಕವನ್ನು, ಆಮೇಲೆ ಹೆಲಿಕಾಪ್ಟರಿನ ಬ್ಯಾಟರಿಯನ್ನು ಜೋಡಿಸಿದ. ಆರಿಸುವಾಗ ಕ್ರಮ ತಿರುವುಮುರುವು. ಹಾಗಲ್ಲದಿದ್ದರೆ ಯಂತ್ರ ಒಡೆಯನಿಲ್ಲದೆ ಚಾಲೂ ಆಗಿರುತ್ತದೆ.

ಕೊನೆಯ ಪರೀಕ್ಷೆ ಬಾಲದ್ದು. ಮೇಲಿನ ರೆಕ್ಕೆಗಳು ಒಂದು ದಿಕ್ಕಿಗೆ ತಿರುಗಿದರೆ ಒಡಲು ಎದುರು ದಿಕ್ಕಿಗೆ ತಿರುಗಲೆಳಸುತ್ತದೆ; ಅದೇ ನ್ಯೂಟನ್ನನ ಮೂರನೆಯ ನಿಯಮ. ಅದನ್ನು ತಡೆಯುವುದು ಬಾಲದ ಪುಟ್ಟ ರೆಕ್ಕೆಗಳು. ಅವನ್ನು ಹೊರಳಿಸುವ ಸಲಾಕೆಯ ಕೊಂಡಿಯನ್ನು ಮುಟ್ಟಿ ನೋಡಿದ. ಅದು ಸಡಿಲವಾಗಿತ್ತು.

"ಇವತ್ತು ಹಾರಿಸೋದಿಲ್ಲ ದೊಡ್ಡಪ್ಪ" ಎಂದ.

ಮಕ್ಕಳ ಮುಖ ಬಾಡಿತು. "ಒಂದು ಸಲ ಎತ್ತಿ ಇಳಿಸಪ್ಪ, ಅಷ್ಟಕ್ಕೆ ಏನಾಗ್ತದೆ?" ಎಂದರು ಒಬ್ಬ ಹಿರಿಯರು. ಅವನು ವಾದಿಸಲಿಲ್ಲ, ಬ್ಯಾಟರಿ ಕಳಚಿ ಪೆಟ್ಟಿಗೆಯಲ್ಲಿಟ್ಟ.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಮೇಲಿನ ರೆಕ್ಕೆಗಳ ಹರವು 70 ಸೆಂಟಿಮೀಟರ್; ನಿಮಿಷಕ್ಕೆ 2,400 ಸುತ್ತು, ಅಂದರೆ ಸೆಕೆಂಡಿಗೆ 40. ಒಂದು ಸುತ್ತಿಗೆ ರೆಕ್ಕೆಯ ತುದಿ 2.2 ಮೀಟರ್ ಸಾಗಿದರೆ ಸೆಕೆಂಡಿಗೆ 88 ಮೀಟರ್. ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮಿಗಿಲು! ಬಾಲದ ಹಿಡಿತ ತಪ್ಪಿದ ಅಂಥ ಯಂತ್ರ ಬದುವಿನತ್ತ ನುಗ್ಗಿದ್ದರೆ ಎಂಬುದನ್ನು ನೆನೆದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇಗೊರ್ ಸಿಕೋರ್‌ಸ್ಕಿ ತನ್ನ ವಿಎಸ್-300 ಹೆಲಿಕಾಪ್ಟರನ್ನು 1939ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಮೇಲೆತ್ತಿದಾಗ ಅದನ್ನು ನೆಲಕ್ಕೆ ಕಟ್ಟಿಹಾಕಿದ್ದ. ತಾನೇ ರೂಪಿಸಿದ ಯಂತ್ರವೆಂದು ಅದನ್ನು ಕುರುಡಾಗಿ ನಂಬಲಿಲ್ಲ.

ಹೊಸ ಕೊಂಡಿ ಅಂಚೆಯಲ್ಲಿ ಬಂದ ಮೇಲೆ ಹೆಲಿಕಾಪ್ಟರ್ ಹಾರಿತು. ಮಕ್ಕಳು ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹಾರದೆ ಹೋದ ಆ ಸಂಜೆಯೇ. ನನ್ನ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಅನೇಕರು ಇಂದು ಕಾರ್ಖಾನೆಗಳ, ಆಸ್ಪತ್ರೆಗಳ, ಕಟ್ಟಡಗಳ ಹೊಣೆ ಹೊತ್ತಿದ್ದೀರಿ. ನಿಮ್ಮ ಬದುವಿನ ಮೇಲೂ ಜನ ಕಾದಿರುತ್ತಾರೆ. ಸಡಿಲವಾದ ಕೊಂಡಿಯೊಂದು ಕೈಗೆ ತಗುಲಿದ ದಿನ, "ಇವತ್ತು ಬೇಡ" ಎಂದು ಹೇಳುವ ಧೈರ್ಯ ನಿಮಗಿರಲಿ.