ರವಿವಾರದ ತಾಸು ಯಾರದು?

ನಮ್ಮ ಕಡೆ ಓಡುವವರು ಮೂರೇ ಥರದವರು. ಮಿಲಿಟರಿ ಇಲ್ಲಾ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು, ಹುಬ್ಬಳ್ಳಿ ಬಸ್ಸು ತಪ್ಪುತ್ತದೆಂದು ಓಡುವವರು, ಮತ್ತು ಯಾರದೋ ಮನೆಯಲ್ಲಿ ಏನೋ ಆಗಿದೆ ಎಂದು ಓಡುವವರು. ನವಲಗುಂದದಲ್ಲಿ ನಲವತ್ತೊಂದು ವರ್ಷದ ಹೈಸ್ಕೂಲು ಟೀಚರೊಬ್ಬಳು ಬೆಳಗಿನ ಐದಕ್ಕೆ ಬೂಟು ಕಟ್ಟಿಕೊಂಡು ಓಡಿದರೆ ಜನ ಅವಳನ್ನು ಮೂರನೆಯ ಗುಂಪಿಗೆ ಸೇರಿಸುತ್ತಾರೆ. ಮೊದಲ ತಿಂಗಳು ಹಾಲಿನವರು, ಟ್ರ್ಯಾಕ್ಟರಿನವರು ಎಲ್ಲರೂ ಗಾಡಿ ನಿಲ್ಲಿಸಿ ಕೇಳುವವರೇ. "ಅಕ್ಕೋರ, ಏನಾತ್ರಿ? ಎಲ್ಲಿಗಿ ಬಿಡಬೇಕು?" ಏನೂ ಆಗಿಲ್ಲ, ಸುಮ್ನ ಓಡಾಕತ್ತೇನಿ ಅಂದರೆ ಅವರ ಗಾಬರಿ ಇನ್ನೂ ಜಾಸ್ತಿ ಆಗುತ್ತಿತ್ತು.

ಈ "ಸುಮ್ನ" ಅನ್ನೋದೇ ಯಾರಿಗೂ ಅರ್ಥವಾಗದ ಮಾತು. ಹುಡುಗರ ಓಟಕ್ಕೆ ಪಕ್ಕಾ ಲೆಕ್ಕವಿದೆ. ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರ್ ಓಡಬೇಕು, ಐದೂವರೆ ನಿಮಿಷದೊಳಗೆ ಬಂದವರಿಗೆ ಪೂರ್ತಿ 60 ಅಂಕ. ಪೊಲೀಸ್ ಕಾನ್‌ಸ್ಟೇಬಲ್ ಆಗಲಿಕ್ಕೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಅಲ್ಲಿಗೆ ಓಟ ಮುಗೀತು. ಕೆಲಸ ಸಿಕ್ಕ ಮರುದಿನ ಬೂಟು ಅಟ್ಟಕ್ಕೆ ಹೋಗುತ್ತವೆ. ನನ್ನ ಕೈಯಲ್ಲೇ ಕಲಿತ ಹುಡುಗನೊಬ್ಬ ಕಾಲುವೆ ದಂಡೆಯ ಮೇಲೆ ಏದುಸಿರು ಬಿಡುತ್ತ ಕೇಳಿದ: "ಅಕ್ಕೋರ, ನಿಮಗ ನೌಕರಿ ಐತೆಲ್ಲ, ಮತ್ಯಾಕ ಓಡತೀರಿ?" ನಮ್ಮೂರಲ್ಲಿ ಓಟ ಅಂದರೆ ಮಾಳಿಗೆ ಹತ್ತುವ ನಿಚ್ಚಣಿಕೆ. ಹತ್ತಿದ ಮೇಲೆ ಅದನ್ನು ಯಾರು ಹಿಡಕೊಂಡು ಕೂರುತ್ತಾರೆ? ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಹಾಗಂತ ಉದ್ದ ಓಟ ನಮ್ಮ ಸೀಮೆಗೆ ಹೊಸದಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿದ ಫಡೆಪ್ಪ ದರೆಪ್ಪ ಚೌಗುಲೆ ನಮ್ಮ ಬೆಳಗಾವಿಯವರು. ಆ ವರ್ಷದ ದಾರಿ ಈಗಿನ 42.195 ಅಲ್ಲ, 42.75 ಕಿಲೋಮೀಟರ್ ಇತ್ತು. ಅದನ್ನು ಅವರು 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಹೆಂಗಸರಿಗೆ ಮಾತ್ರ ಒಲಿಂಪಿಕ್ಸ್ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಆಗ ನಾನು ಎರಡು ವರ್ಷದ ಕೂಸು. ಅಂದರೆ ಬೆಳಗಾವಿಯ ಗಂಡಸು ಓಡಿ 64 ವರ್ಷವಾದ ಮೇಲೆ ಜಗತ್ತಿಗೆ ಹೆಂಗಸರ ಕಾಲಿನ ಮೇಲೆ ನಂಬಿಕೆ ಬಂತು. ನವಲಗುಂದಕ್ಕೆ ಬರಲಿಕ್ಕೆ ಇನ್ನೊಂದು ನಲವತ್ತು ವರ್ಷ ಹಿಡಿದರೆ ಬೇಜಾರು ಮಾಡಿಕೊಳ್ಳಬಾರದು.

ನಾನು ಶುರು ಮಾಡಿದ್ದು ಎರಡು ಕರೆಂಟ್ ಕಂಬಗಳ ನಡುವೆ. ಎರಡು ಕಂಬ ಓಡು, ಎರಡು ಕಂಬ ನಡಿ. ಮಲಪ್ರಭಾ ಕಾಲುವೆಯ ದಂಡೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಏರಿಲ್ಲ, ಇಳಿಜಾರಿಲ್ಲ, ಲಾರಿಗಳಿಲ್ಲ. ಈ ನೀರಿನ ಕರದ ಸಲುವಾಗಿಯೇ 1980ರ ಜುಲೈನಲ್ಲಿ ನಮ್ಮೂರ ರೈತರು ಬಂಡೆದ್ದು ಗುಂಡು ತಿಂದರು. ಈಗ ಎಷ್ಟೋ ದಿನ ಕಾಲುವೆಯಲ್ಲಿ ನೀರೇ ಇರುವುದಿಲ್ಲ, ದಂಡೆ ಮಾತ್ರ ಗಟ್ಟಿ ಇದೆ. ಕಂಬಗಳು ಹೋಗಿ ಕಿಲೋಮೀಟರುಗಳು ಬಂದವು. ವರ್ಷ ತುಂಬುವುದರೊಳಗೆ ಹತ್ತು ಓಡಿದೆ. ಹತ್ತರವರೆಗೆ ಇದು ಬರೀ ನನ್ನ ಕಾಲಿನ ವಿಷಯವಾಗಿತ್ತು. ಅಲ್ಲಿಂದ ಮುಂದೆ ಮನೆಯ ವಿಷಯವಾಯಿತು.

ನಾನು ಗಣಿತ ಕಲಿಸುವವಳು, ಲೆಕ್ಕ ಹೇಳಿಬಿಡುತ್ತೇನೆ. ವಾರಕ್ಕೆ 168 ತಾಸು. ದಿನಕ್ಕೆ ಏಳರಂತೆ ನಿದ್ದೆಗೆ 49. ಶಾಲೆ, ಬಸ್ಸಿನ ದಾರಿ, ಶನಿವಾರದ ಬೆಳಗಿನ ಶಾಲೆ ಎಲ್ಲ ಕೂಡಿ 50. ರೊಟ್ಟಿ, ನೀರು, ಬಟ್ಟೆ, ಬಾಂಡೆ, ಸಂತೆ ಅಂತ ದಿನಕ್ಕೆ ಐದು ತಾಸು ಹಿಡಿದರೆ 35. ಒಟ್ಟು 134. ಉಳಿದದ್ದು 34. ನಾನು ಓಡುವುದು ವಾರಕ್ಕೆ 36 ಕಿಲೋಮೀಟರ್: ಮಂಗಳವಾರ 7, ಗುರುವಾರ 8, ಶುಕ್ರವಾರ 5, ರವಿವಾರ 16. ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ನಾಲ್ಕೂವರೆ ತಾಸು. ಮೂವತ್ತನಾಲ್ಕರಲ್ಲಿ ನಾಲ್ಕೂವರೆ ಏನು ಮಹಾ, ಅಂತ ನಿಮಗೂ ಅನಿಸಬಹುದು. ಆದರೆ ಆ 34 ತಾಸು ಒಂದೇ ಗಂಟಿನಲ್ಲಿ ಸಿಗುವುದಿಲ್ಲ. ಹತ್ತು ನಿಮಿಷ ಇಲ್ಲಿ, ಕಾಲು ತಾಸು ಅಲ್ಲಿ, ಜೋಳ ಹಸನು ಮಾಡುವಾಗ ಸಿಗುವ ನುಚ್ಚಿನಂತೆ. ಅದರೊಳಗೇ ಉತ್ತರಪತ್ರಿಕೆ, ಮದುವೆ, ಮುಂಜಿವೆ, ಚುನಾವಣೆ ಡ್ಯೂಟಿ. ನುಚ್ಚಿನಿಂದ ರೊಟ್ಟಿ ಬಡಿಯಲು ಬರುವುದಿಲ್ಲ.

ಆದ್ದರಿಂದ ಕೆಲಸಕ್ಕೆ ಹೋಗುವವರ ತಯಾರಿಯಲ್ಲಿ ಮೊದಲು ಹುಡುಕಬೇಕಾದದ್ದು ಬೂಟಲ್ಲ, ಇಡಿಯಾದ ಒಂದು ತಾಸು. ವಾರದ ದಿನ ಅದು ನಸುಕಿನಲ್ಲೇ ಇದೆ. ರಾತ್ರಿಯೇ ಪಲ್ಲೆ ಹೆಚ್ಚಿಟ್ಟು, ಡಬ್ಬಿ ತೊಳೆದಿಟ್ಟು, ಹತ್ತಕ್ಕೆ ಮಲಗಿದರೆ ಐದಕ್ಕೆ ಹೊರಗೆ ಬೀಳಬಹುದು, ಆರಕ್ಕೆ ಒಲೆ ಹಚ್ಚಬಹುದು. ಆ ತಾಸು ನನ್ನ ನಿದ್ದೆಯಿಂದಲೇ ಬಂದದ್ದು, ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಎರಡನೆಯದು ನಿಧಾನ. ದೂರ ಹೆಚ್ಚಿಸಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಮಾತಾಡುತ್ತ ಓಡಲು ಬರುವಷ್ಟು ನಿಧಾನ. ಒಂದು ಪೂರಾ ವಾಕ್ಯ ಹೇಳುವಾಗ ಉಸಿರು ಕಡಿದರೆ ನೀವು ಜೋರಾದಿರಿ ಅಂತ ಅರ್ಥ. ನಿಧಾನ ಓಡಿದಾಗಲೇ ಸ್ನಾಯುಗಳೊಳಗೆ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಮೈ ಕೊಬ್ಬನ್ನು ಉರಿಸಿ ನಡೆಯುವುದನ್ನು ಕಲಿಯುತ್ತದೆ. ಜತೆಗೆ ಮರುದಿನ ಏಳು ಪಿರಿಯಡ್ ನಿಂತು ಪಾಠ ಮಾಡುವ ಶಕ್ತಿಯೂ ಉಳಿಯುತ್ತದೆ. ಹಿಂದೆ ಬರುವ ಹುಡುಗರು "ಅಕ್ಕೋರ, ಸರೀರಿ" ಅಂತ ಹಾದು ಹೋಗುತ್ತಾರೆ. ಹೋಗಲಿ ಬಿಡ್ರಿ. ಅವರದು ಆರು ನಿಮಿಷದ ಓಟ, ನನ್ನದು ಎರಡು ತಾಸಿನದು.

ಈ ನಿಧಾನದ ಪಾಠ ಓಟಗಾರರದಷ್ಟೇ ಅಲ್ಲ. ಇಲ್ಲೇ ನಮ್ಮ ಜಿಲ್ಲೆಯ ಕುಂದಗೋಳ ನೆನಪಿಸಿಕೊಳ್ಳಿ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹೋಗುತ್ತಿದ್ದರು. ಅಷ್ಟೊತ್ತಿಗೆ ಅವರ ರೆಕಾರ್ಡುಗಳು ಬಂದಿದ್ದವು, ಮನೆ ಇತ್ತು, ಮಕ್ಕಳಿದ್ದವು, ಹಾಡಿಯೇ ಸಂಸಾರ ನಡೆಸಬೇಕಿತ್ತು. ಗುರುಗಳು ರಾಗಗಳ ರಾಶಿ ಹಾಕಲಿಲ್ಲ. ಕೆಲವೇ ರಾಗ, ಅದೇ ಸ್ವರಗಳು, ಮತ್ತೆ ಮತ್ತೆ. ಮನೆ ನಡೆಸುವ ಹೆಂಗಸು ರೈಲಿನ ವೇಳೆಗೆ ತನ್ನ ಸಾಧನೆಯನ್ನು ಹೊಂದಿಸಿಕೊಂಡದ್ದನ್ನು ನೆನೆದರೆ, ನನ್ನ ನಸುಕಿನ ಏಳು ಕಿಲೋಮೀಟರಿಗೆ "ಟೈಮ್ ಸಿಗೂದಿಲ್ಲ" ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಓಟದ ಜಗತ್ತಿನಲ್ಲೂ ನೌಕರಿಯವರ ಸಾಲು ಸಣ್ಣದಲ್ಲ. ರವಿವಾರ ಉದ್ದ ಓಡುವ ಪದ್ಧತಿಯನ್ನು ಗಟ್ಟಿ ಮಾಡಿದ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ಹಾಲು ಹಾಕುವ ಕೆಲಸವನ್ನೂ ಮಾಡಿದವರು. ತಮ್ಮ ಹುಡುಗರನ್ನು ಗುಡ್ಡದ ದಾರಿಯಲ್ಲಿ ವಾರಕ್ಕೊಮ್ಮೆ ಸುಮಾರು 35 ಕಿಲೋಮೀಟರ್ ಓಡಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರಲ್ಲಿಬ್ಬರು ಚಿನ್ನ ತಂದರು. ನನಗೆ ಅವರಿಗಿಂತ ಹತ್ತಿರದವನು ಜಪಾನಿನ ಯೂಕಿ ಕವಾಉಚಿ. ಆಗ ಅವನು ಸೈತಾಮಾ ಪ್ರಾಂತ್ಯದ ಸರಕಾರಿ ಹೈಸ್ಕೂಲೊಂದರ ಆಫೀಸಿನ ನೌಕರನಾಗಿದ್ದ. ಉಳಿದ ದೊಡ್ಡ ಓಟಗಾರರು ದಿನಕ್ಕೆ ಎರಡು ಸಲ ಓಡಿದರೆ ಇವನಿಗೆ ಕೆಲಸಕ್ಕೆ ಹೋಗುವ ಮುಂಚಿನ ಒಂದೇ ಸಲ ಸಿಗುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಕೊರೆಯುವ ಮಳೆಗಾಳಿಯಲ್ಲಿ ಬೋಸ್ಟನ್ ಮ್ಯಾರಥಾನನ್ನು 2 ತಾಸು 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದ. ಸ್ಟಾಫ್ ರೂಮಿನಲ್ಲಿ ಈ ಕತೆ ಹೇಳಿದೆ. ನಮ್ಮ ಕ್ಲಾರ್ಕು ಕನ್ನಡಕ ಏರಿಸಿ, "ಅಲ್ಲಿ ಇಷ್ಟು ರಜಿಸ್ಟರ್ ಇರಾಕಿಲ್ಲ ಬಿಡ್ರಿ" ಅಂದರು.

ರಜಿಸ್ಟರಿಗಿಂತ ನಮಗೆ ತೊಡಕು ನೆಲದ್ದು. ನಮ್ಮದು ಎರಿ ಭೂಮಿ. ಮಳೆ ಬಿದ್ದರೆ ಬೂಟಿಗೆ ಸೇರು ಸೇರು ಮಣ್ಣು ಅಂಟಿ ಕಾಲು ಎತ್ತಲಿಕ್ಕಾಗದು. ಆಗ ಕಾಲುವೆ ದಂಡೆ ಬಿಟ್ಟು ಡಾಂಬರಿಗೆ ಬರಬೇಕು, ವಿಜಯಪುರದ ಲಾರಿಗಳಿಗೆ ಎದುರಾಗಿ, ತಲೆಗೆ ಬ್ಯಾಟರಿ ಕಟ್ಟಿಕೊಂಡು. ನನ್ನ ತವರು ಕಲಘಟಗಿ ಕಡೆ ಹಾಗಲ್ಲ. ಅದು ಮಲೆನಾಡಿನ ಸೆರಗು, ಏರಿಳಿತದ ದಾರಿ, ಎದೆಗೆ ಒಳ್ಳೆಯ ಪಾಠ. ಇಲ್ಲಿ ಓಡಲಿಕ್ಕೆ ಚಲೋ ಕಾಲ ಅಂದರೆ ದೀಪಾವಳಿಯಿಂದ ಸಂಕ್ರಾಂತಿ. ಕಡಲೆ ಹೊಲದ ಮೇಲೆ ಹುಳಿ ಇಬ್ಬನಿ, ಆಚೆ ಕುಸುಬಿ, ಬಿಳಿಜೋಳ, ಕಣ್ಣು ಹೋದಷ್ಟೂ ಬಯಲು. ಆದರೆ ಅವೇ ತಿಂಗಳು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸು. ಏಪ್ರಿಲ್, ಮೇ ಶಾಲೆಗೆ ರಜೆ, ಆಗ ಏಳು ಗಂಟೆಗೇ ಬಿಸಿಲು ಬೆನ್ನು ಸುಡುತ್ತದೆ. ತಂಪಿದ್ದಾಗ ಕ್ಲಾಸು, ರಜೆ ಇದ್ದಾಗ ಬಿಸಿಲು. ಹೊಂದಿಸಿಕೊಳ್ಳುವುದು ಅಂದರೆ ಇದೇ.

ಇನ್ನು ರವಿವಾರದ ಮಾತು. ಹದಿನಾರು ಕಿಲೋಮೀಟರಿಗೆ ಎರಡು ತಾಸು. ಇಪ್ಪತ್ತೊಂದಕ್ಕೆ ಎರಡೂ ಮುಕ್ಕಾಲು ಅಂತ ಹಿಡಿಯಿರಿ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಎರಡು ಶೇಂಗಾ ಉಂಡಿ, ಆಮೇಲೆ ಜಮಖಾನದ ಮೇಲೆ ಕಾಲು ಚಾಚಿದರೆ ಮಧ್ಯಾಹ್ನದ ತನಕ ಏಳುವ ಮನಸ್ಸಾಗುವುದಿಲ್ಲ. ಈ ತಾಸುಗಳು ನನ್ನ ನಿದ್ದೆಯಿಂದ ಬಂದವಲ್ಲ. ರವಿವಾರ ಒಲೆ ಮುಂದೆ ಕೂತವರು ಎಪ್ಪತ್ತು ದಾಟಿದ ನಮ್ಮತ್ತೆ. ನೀರು ತುಂಬಿದವರು ನನ್ನ ಗಂಡ, ಅವರಿಗೂ ಗೊಬ್ಬರದ ಅಂಗಡಿಯಿಂದ ಇರುವುದು ಅದೊಂದೇ ದಿನ. ಹೊತ್ತು ಸಿಕ್ಕಿತು ಅನ್ನುತ್ತೇವೆ. ಸಿಕ್ಕಿದ್ದಲ್ಲ ಅದು, ಯಾರೋ ಕೊಟ್ಟದ್ದು.

ಅತ್ತೆಗೆ ನನ್ನ ಓಟದ ಬಗ್ಗೆ ಸಿಟ್ಟಿರಲಿಲ್ಲ, ಕುತೂಹಲವಿತ್ತು. ಕಳೆದ ಡಿಸೆಂಬರ್‌ನಲ್ಲಿ ಒಂದು ರವಿವಾರ ಅಣ್ಣಿಗೇರಿವರೆಗೆ ಓಡುತ್ತೇನೆ ಅಂದೆ. ಹೆಚ್ಚುಕಮ್ಮಿ ಇಪ್ಪತ್ತು ಕಿಲೋಮೀಟರ್ ದಾರಿ, ಅಮೃತೇಶ್ವರ ಗುಡಿಯ ತನಕ ಹೋದರೆ ಅರ್ಧ ಮ್ಯಾರಥಾನಿನ ಲೆಕ್ಕಕ್ಕೆ ಹತ್ತಿರ. ಅತ್ತೆ ನಕ್ಕರು. ಅವರ ತವರು ಆ ಕಡೆಯ ಹಳ್ಳಿ. ಬಸ್ಸು ಇಲ್ಲದ ಕಾಲಕ್ಕೆ ಬುತ್ತಿ ಕಟ್ಟಿಕೊಂಡು, ಬಗಲಾಗ ಕೂಸು ಇಟ್ಟುಕೊಂಡು ಎಷ್ಟೋ ಸಲ ನಡೆದವರು. "ನಾವು ಹೊತ್ತ್ಕೊಂಡು ನಡದ ದಾರಿ ನೀ ಕೈಬೀಸಿ ಓಡತಿ. ಓಡು ಓಡು," ಅಂದರು. ಎರಡು ತಾಸು ನಲವತ್ತು ನಿಮಿಷಕ್ಕೆ ಗುಡಿಯ ಕಟ್ಟೆಯ ಮೇಲೆ ಕೂತು ಫೋನು ಹಚ್ಚಿದರೆ, ಅವರು ಮೊದಲು ಕೇಳಿದ್ದು ದಾರಿಯ ಬಾರಿಗಿಡಗಳಲ್ಲಿ ಹಣ್ಣು ಬಿಟ್ಟಾವೋ ಇಲ್ಲೋ ಅಂತ.

ಅಲ್ಲಿಂದ ಎಲ್ಲರೂ ಕೇಳುವುದು, ಫುಲ್ ಮ್ಯಾರಥಾನ್ ಯಾವಾಗ? ಲೆಕ್ಕ ಹಾಕಿದ್ದೇನೆ. 42 ಓಡಬೇಕೆಂದರೆ ತಯಾರಿಯಲ್ಲಿ ಕೆಲವು ರವಿವಾರ 30, 32 ಓಡಲೇಬೇಕು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಮೂವತ್ತರ ಹತ್ತಿರ ಖಾಲಿಯಾಗುತ್ತದೆ, ಅಲ್ಲಿ ಏನಾಗುತ್ತದೆ ಎಂಬುದನ್ನು ಕಾಲು ಮೊದಲೇ ಅರಿತಿರಬೇಕು. 32ಕ್ಕೆ ನನ್ನ ನಡೆಯಲ್ಲಿ ನಾಲ್ಕು ತಾಸು. ಆಯಾಸ ಕೂಡಿದರೆ ಇಡೀ ರವಿವಾರ. ಮೂರು ತಿಂಗಳು. ಈ ವರ್ಷ ಮಗಳು ಹತ್ತನೆತ್ತೆ. ಊರ ಮಕ್ಕಳಿಗೆಲ್ಲ ವಾರಪೂರ್ತಿ ಗಣಿತ ಹೇಳುವ ನಾನು ಅವಳ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುವುದು ರವಿವಾರ ಮಾತ್ರ. ಅತ್ತೆಯ ಮೊಣಕಾಲೂ ಈಗ ಒಲೆ ಮುಂದೆ ಕೂತರೆ ಬೇಗ ಏಳಗೊಡುವುದಿಲ್ಲ. ಈ ವರ್ಷ 42 ಬೇಡ ಅಂದುಕೊಂಡೆ. ಮನೆಯಲ್ಲಿ ಯಾರೂ ಬ್ಯಾಡ ಅನ್ನಲಿಲ್ಲ. ಅಂದಿದ್ದರೆ ಹಟಕ್ಕಾದರೂ ಓಡುತ್ತಿದ್ದೆನೋ ಏನೋ.

ಇದನ್ನು ತ್ಯಾಗ ಅಂತ ಓದಬೇಡಿ. ವಾರದ ಮೂರು ನಸುಕು ಯಾರಿಗೂ ಬಿಟ್ಟುಕೊಟ್ಟಿಲ್ಲ. ರವಿವಾರ ಹನ್ನೆರಡಕ್ಕೆ ಇಳಿಸಿದ್ದೇನೆ, ಎಂಟರೊಳಗೆ ಮನೆಯಲ್ಲಿರುತ್ತೇನೆ. ಗುರುವಾರ ನನ್ನ ಜತೆ ಪಿಯುಸಿ ಮುಗಿಸಿದ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರತೊಡಗಿದ್ದಾಳೆ, ಪೊಲೀಸ್ ಭರ್ತಿಗೆ. ಅಕ್ಕೋರು ಇರತಾರಂದ್ರ ಹೋಗು ಅಂದರಂತೆ ಅವರಪ್ಪ. 400 ಮೀಟರ್ ಸಾಕಾಗುವ ಹುಡುಗಿ ಮೂರು ಕಿಲೋಮೀಟರ್ ನನ್ನ ನಿಧಾನಕ್ಕೆ ಓಡಿ, ಕೊನೆಗೆ ತನ್ನ 400ಕ್ಕೆ ಜಿಗಿದು ಹೋಗುತ್ತಾಳೆ. ನೌಕರಿ ಸಿಕ್ಕ ಮೇಲೂ ಓಡ್ತಿಯೇನು ಅಂತ ಕೇಳಿದೆ. "ಮೊದಲ ಸಿಗಲಿ ತಡೀರಿ ಅಕ್ಕೋರ" ಅಂದಳು.

ಅತ್ತೆ ಒಂದು ಸಂಜೆ ಕೇಳಿದರು, "ನಲವತ್ತೆರಡಂದ್ರ ಎಲ್ಲಿ ಮಟ ಆಕ್ಕೈತಿ?" ಇಲ್ಲಿಂದ ಹುಬ್ಬಳ್ಳಿ ಮಟ ಅಂತ ಹಿಡೀರಿ ಅಂದೆ. ಸ್ವಲ್ಪ ಹೊತ್ತು ಅವರೆಕಾಯಿ ಸುಲಿದರು. ಆಮೇಲೆ, "ಹುಬ್ಬಳ್ಳಿ ಎಲ್ಲೂ ಓಡಿ ಹೋಗಂಗಿಲ್ಲ ತಗೋ," ಅಂದರು. ಮಗಳ ಪರೀಕ್ಷೆ ಮುಗಿಯಲಿ, ಬೇಸಿಗೆ ಕಳೆಯಲಿ, ಮುಂಗಾರು ಹಿಡಿದು ಬಿಡಲಿ. ಆಗ ಮತ್ತೆ ಎಲ್ಲರನ್ನೂ ಕೂಡಿಸಿಕೊಂಡು ರವಿವಾರದ ಲೆಕ್ಕ ಹಾಕೋಣ.