ಹಲ್ಲುನೋವು: ಶಾಸ್ತ್ರ ಮತ್ತು ಹೊತ್ತು

ಕನ್ನಡದಲ್ಲಿ ಹಲ್ಲಿನ ಸುತ್ತ ಬೆಳೆದ ನುಡಿಗಟ್ಟುಗಳು ಹಲವು. ಶಕ್ತಿಗುಂದಿದವನು ಹಲ್ಲು ಕಿತ್ತ ಹಾವು. ಅನುಕೂಲ ಒದಗಿದಾಗ ಅನುಭವಿಸಲಾಗದವನಿಗೆ ಕಡಲೆ ಇದೆ, ಹಲ್ಲಿಲ್ಲ. ಸಂಕಟವನ್ನು ತಾಳಿಕೊಂಡವನು ಹಲ್ಲು ಕಚ್ಚಿಕೊಂಡು ಇದ್ದವನು. ಈ ಕೊನೆಯ ಮಾತಿನಲ್ಲಿ ಸಹನೆಗೆ ಸಂದ ಗೌರವವಿದೆ. ಆದರೆ ನೋವು ಹಲ್ಲಿನದೇ ಆದಾಗ ಅದೇ ಸಹನೆ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದನ್ನು ಮೂಡಲಗಿ ಸೀಮೆಯ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಅರುವತ್ತೆಂಟನೆಯ ವಯಸ್ಸಿನಲ್ಲಿ ಕಂಡುಕೊಂಡರು.

ಅವರು ಹುಕ್ಕೇರಿಯ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವರು. ಊರಿನಲ್ಲಿ ಅವರನ್ನು ಎಲ್ಲರೂ ಮಾಸ್ತರರು ಎಂದೇ ಕರೆಯುವರು. ಮಗನಿಗೆ ಗೋಕಾಕದಲ್ಲಿ ನೌಕರಿ, ಮಗಳನ್ನು ಕೊಟ್ಟದ್ದು ಹುಕ್ಕೇರಿಗೆ. ಹಳಗನ್ನಡದ ವೈದ್ಯಸಾಹಿತ್ಯ ಅವರ ಮೆಚ್ಚಿನ ವಿಷಯ. ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮದ್ಯ ಮಾಂಸ ಮಧುಗಳನ್ನು ಹೊರಗಿಟ್ಟು ಚಿಕಿತ್ಸೆ ಹೇಳಿದ ಉಗ್ರಾದಿತ್ಯಾಚಾರ್ಯರ 9ನೆಯ ಶತಮಾನದ ಸಂಸ್ಕೃತ ಕಲ್ಯಾಣಕಾರಕ, 14ನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ ಖಗೇಂದ್ರಮಣಿದರ್ಪಣ, ಇವುಗಳ ಬಗ್ಗೆ ಅವರು ಮಕ್ಕಳಿಗೆ ಪಠ್ಯ ಮೀರಿ ಹೇಳುತ್ತಿದ್ದರು. ಸುಶ್ರುತನು ಬಾಯಿಯ ರೋಗಗಳನ್ನು 65 ಎಂದು ಎಣಿಸಿದ್ದು, ಅವುಗಳಲ್ಲಿ 15 ದಂತಮೂಲದವು, 8 ಹಲ್ಲಿನವು ಎಂಬ ಲೆಕ್ಕ ಅವರಿಗೆ ಬಾಯಿಪಾಠ. ದಂತಶಂಕುವೆಂಬ ಉಪಕರಣವು ಸುಶ್ರುತನ ಶಸ್ತ್ರಗಳ ಪಟ್ಟಿಯಲ್ಲಿದೆ ಎಂದು ಅಭಿಮಾನದಿಂದ ಹೇಳುವರು. ಹಲ್ಲಿಗಿಂತ ಹಲ್ಲಿನ ಬುಡದ ರೋಗಗಳನ್ನೇ ಪ್ರಾಚೀನರು ಹೆಚ್ಚಾಗಿ ಎಣಿಸಿದ್ದೇಕೆ ಎಂಬ ಪ್ರಶ್ನೆ ಮಾತ್ರ ಅವರಿಗೆ ಎಂದೂ ಹೊಳೆದಿರಲಿಲ್ಲ.

ಎಡಗಡೆಯ ಕೆಳದವಡೆಯ ಕೊನೆಯ ಹಲ್ಲು ಎರಡು ವರ್ಷದಿಂದ ಹುಳುಕಾಗಿತ್ತು. ತಣ್ಣೀರು ಕುಡಿದರೆ ಜುಮ್ಮೆನ್ನುವುದು, ಗೋಕಾಕದ ಕರದಂಟು ಅಗಿದರೆ ಸಿಕ್ಕಿಕೊಳ್ಳುವುದು. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಸೇರಿದ ಆ ಸಿಹಿ ಹುಳುಕು ಹಲ್ಲಿನ ಗೂಡಿನಲ್ಲಿ ಕುಳಿತರೆ ಬೇಗ ಬಿಡದು. ಅವರು ಕರದಂಟನ್ನು ಬಿಟ್ಟರು, ಹಲ್ಲನ್ನು ತೋರಿಸಲಿಲ್ಲ. ಮಗ ಒತ್ತಾಯಿಸಿದಾಗ, ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದಂತಧಾವನವೂ ಒಂದು, ಅವರು ಹಲ್ಲುಜ್ಜದೆಯೇ ಬದುಕುವುದಿಲ್ಲವೇ ಎಂದು ನಕ್ಕು ಸುಮ್ಮನಾಗಿಸಿದ್ದರು. ಆ ವ್ರತ ದೇಹದ ಮೋಹವನ್ನು ಬಿಟ್ಟು, ದಿನಕ್ಕೊಮ್ಮೆ ನಿಂತು ಆಹಾರ ಸ್ವೀಕರಿಸುವವರಿಗೆ ಹೇಳಿದ್ದು. ಮೂರು ಹೊತ್ತು ಚಹಾ ಕುಡಿಯುವ ಗೃಹಸ್ಥನಿಗೆ ಅದು ನೆಪವಾಗಲಾರದು. ಮಾಸ್ತರರಿಗೆ ಇದು ತಿಳಿಯದ್ದೇನಲ್ಲ. ಕುರ್ಚಿಯ ಮೇಲೆ ಒರಗಿ ಬಾಯಿ ತೆರೆಯುವ ಭಯ ಪಾಂಡಿತ್ಯದ ವೇಷ ತೊಟ್ಟಿತ್ತು, ಅಷ್ಟೇ.

ಒಂದು ಸೋಮವಾರ ರಾತ್ರಿ ನೋವು ಎದ್ದಿತು. ಮನೆಯವರು ಲವಂಗ ಇಟ್ಟರು. ಲವಂಗದ ಎಣ್ಣೆಯಲ್ಲಿರುವ ಯುಜಿನಾಲ್ ನರವನ್ನು ಕೆಲಹೊತ್ತು ಜಡಗೊಳಿಸುತ್ತದೆ. ಬುಡದ ಕೀವಿಗೆ ಅದು ಏನೂ ಮಾಡದು. ನೆರೆಯ ಮುದುಕಿ ಮಿಶ್ರಿ ತಂದು ತಿಕ್ಕಲು ಹೇಳಿದಳು. ಹುರಿದು ಪುಡಿಮಾಡಿದ ತಂಬಾಕಿನ ಈ ಮಿಶ್ರಿ, ನಿಪ್ಪಾಣಿಯ ತಂಬಾಕು ಸೀಮೆಗೆ ಹತ್ತಿರವಿರುವ ಈ ಭಾಗದ ಹೆಂಗಸರಲ್ಲಿ ಹಲ್ಲುನೋವಿನ ಮದ್ದಾಗಿ ಮೊದಲಾಗಿ ಚಟವಾಗಿ ಉಳಿಯುವಂಥದು. ಮಾಸ್ತರರು ಅದನ್ನು ಮುಟ್ಟಲಿಲ್ಲ. ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಗುಳಿಗೆಗಳನ್ನು ನುಂಗಿದರು. ದಿನಕ್ಕೆ ಮೂರು, ಊಟದ ನಂತರ ಎಂದು ಅಂಗಡಿಯವನು ಹೇಳಿದ್ದ. ಸೂರ್ಯಾಸ್ತದ ಮೇಲೆ ಏನನ್ನೂ ಸೇವಿಸದ ನಿಯಮದ ಅವರು ರಾತ್ರಿಯದನ್ನು ಬಿಟ್ಟರು. ಬುಧವಾರ ನೋವು ಇಳಿಯಿತೆಂದು ಉಳಿದವನ್ನೂ ನಿಲ್ಲಿಸಿದರು. ಕೆನ್ನೆ ಊದಿದಾಗ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟುಕೊಂಡರು. ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುವುದೆಂಬ ಹಳೆಯ ಹೆದರಿಕೆಯನ್ನು ಬಂದವರೆಲ್ಲ ನೆನಪಿಸಿ ಹೋದರು.

ಶುಕ್ರವಾರ ಸಂಜೆಗೆ ಊತ ಗದ್ದದ ಕೆಳಗೆ ಇಳಿದು ಎರಡೂ ಬದಿಗೆ ಹಬ್ಬಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯದು. ನಾಲಗೆ ಮೇಲೆದ್ದಿತ್ತು. ಉಗುಳು ನುಂಗಲಾಗದೆ ಟವೆಲಿಗೆ ಒರೆಸಿಕೊಳ್ಳುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಗೋಡೆಗೆ ಒರಗಿ ಕುಳಿತಿದ್ದರು. ಗೋಕಾಕದಿಂದ ಬಂದ ಮಗ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹಿಂತಿರುಗಿದ. ಗೋಕಾಕದಲ್ಲಿ ಕಂಡ ವೈದ್ಯರು ಬಾಯೊಳಗೆ ಬೆಳಕು ಹಾಯಿಸಿ, ಕತ್ತು ಒತ್ತಿ ನೋಡಿ ಒಂದೇ ಮಾತು ಹೇಳಿದರು: ‘ಇದು ಹಲ್ಲಿನ ಕುರ್ಚಿ ಮ್ಯಾಲ ಮಾಡೂ ಕೆಲಸ ಅಲ್ಲರಿ. ಈಗ ಉಸಿರಿಂದ ಚಿಂತಿ. ಬೆಳಗಾಂವಿಗೆ ಒಯ್ಯಿರಿ, ತಡಾ ಮಾಡಬ್ಯಾಡ್ರಿ.’ ಸಲೈನು ಹಚ್ಚಿ, 108ರ ವಾಹನ ಕರೆಸಿ, ಮಲಗಿಸದೆ ಕೂರಿಸಿಯೇ ಕಳಿಸಿದರು.

ದವಡೆಯ ಹಲ್ಲಿನ ಬುಡದಿಂದ ಹೊರಟ ಸೋಂಕು ನಾಲಗೆಯ ಕೆಳಗಿನ ಎರಡೂ ಬದಿಯ ಅವಕಾಶಗಳನ್ನು ತುಂಬಿ ಶ್ವಾಸಮಾರ್ಗವನ್ನು ಒತ್ತುವ ಈ ಸ್ಥಿತಿಯನ್ನು 1836ರಲ್ಲಿ ವಿವರಿಸಿದವನು ಜರ್ಮನ್ ವೈದ್ಯ ಲುಡ್ವಿಗ್. ರೋಗಕ್ಕೆ ಇಂದಿಗೂ ಅವನ ಹೆಸರೇ ಇದೆ. ಪ್ರತಿಜೀವಕಗಳು ಬರುವುದಕ್ಕೆ ಮುಂಚೆ ಇದಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದು ಸಾವು ಅಪರೂಪ, ಆದರೆ ಹೊತ್ತಿಗೆ ತಲುಪಿದವರಿಗೆ ಮಾತ್ರ. ಮಾಸ್ತರರ ಗದ್ದದ ಕೆಳಗೆ ಕೊಯ್ದು ಕೀವು ಹೊರಹಾಕಿದರು, ಕಾರಣವಾದ ಹಲ್ಲನ್ನು ತೆಗೆದರು, ಮೂರು ದಿನ ತೀವ್ರ ನಿಗಾದಲ್ಲಿಟ್ಟರು. ಎಂದೂ ಪರೀಕ್ಷಿಸಿಕೊಳ್ಳದ ಸಕ್ಕರೆ ಕಾಯಿಲೆಯೂ ಆಗ ಹೊರಬಿತ್ತು; ಸೋಂಕು ಅಷ್ಟು ಬೇಗ ಹಬ್ಬುವುದಕ್ಕೆ ಅದೂ ಕೈಗೂಡಿಸಿತ್ತು. ಮನೆಗೆ ಕಳಿಸುವಾಗ ಅವರು ಹಿಂಜರಿಯುತ್ತ ತಮ್ಮ ರಾತ್ರಿಯ ನಿಯಮವನ್ನು ಹೇಳಿದರು. ತರುಣ ವೈದ್ಯೆ ಬೇಸರಪಡಲಿಲ್ಲ. ದಿನಕ್ಕೆ ಎರಡೇ ಬಾರಿ ಸಾಕಾಗುವ ಔಷಧಿಯನ್ನು ಬರೆದು, ಬೆಳಗಿನ ನಾಷ್ಟಾದ ಮೇಲೊಂದು, ಹೊತ್ತು ಮುಳುಗುವ ಮುಂಚಿನ ಊಟದ ಮೇಲೊಂದು ಎಂದು ಕನ್ನಡದಲ್ಲೇ ಚೀಟಿ ಮಾಡಿ ಕೊಟ್ಟಳು. ಕೇಳಿದ್ದರೆ ಮೊದಲ ದಿನವೇ ಇದು ದೊರೆಯುತ್ತಿತ್ತು.

ಈ ಸೀಮೆಯಲ್ಲಿ ಹಲ್ಲಿಗೆ ನೆರವು ಇಲ್ಲವೆಂದಲ್ಲ. ಗೋಕಾಕ, ಹುಕ್ಕೇರಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ; ಪೇಟೆಯ ಓಣಿಗಳಲ್ಲಿ ಖಾಸಗಿ ದಂತವೈದ್ಯರಿದ್ದಾರೆ. ಕೆಎಲ್‌ಇ ಸಂಸ್ಥೆಯದೂ ಮರಾಠಾ ಮಂಡಳದ್ದೂ ಸೇರಿ ಬೆಳಗಾವಿ ನಗರದಲ್ಲೇ ಎರಡು ದಂತವೈದ್ಯಕೀಯ ಕಾಲೇಜುಗಳಿವೆ. ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡುವ ಸರಕಾರದ ದಂತ ಭಾಗ್ಯ ಯೋಜನೆಯೂ ಬಂದಿದೆ; ಆದರೆ ಅದು ಹಲ್ಲು ಹೋದ ಮೇಲಿನ ಮಾತು. ಕೊರತೆ ಕಾಣುವುದು ರಾತ್ರಿ ಹೊತ್ತಿನಲ್ಲಿ ಮತ್ತು ಭಾನುವಾರ. ಹುಕ್ಕೇರಿಯವರಿಗೆ ಪುಣೆ ಬೆಂಗಳೂರು ಹೆದ್ದಾರಿ ಹತ್ತಿರ. ಮೂಡಲಗಿಯ ಹಳ್ಳಿಗಳವರು ಮೊದಲು ಗೋಕಾಕ ಮುಟ್ಟಿ, ಅಲ್ಲಿಂದ ಮತ್ತೆ ಅರುವತ್ತಕ್ಕೂ ಹೆಚ್ಚು ಕಿಲೋಮೀಟರು ಸಾಗಬೇಕು. ದೂರ ಇಷ್ಟಿರುವಾಗ, ಯಾವ ನೋವು ಬೆಳಗಿನವರೆಗೆ ಕಾಯಬಹುದು, ಯಾವುದು ಕಾಯಲಾರದು ಎಂಬ ತಿಳಿವಳಿಕೆ ಮನೆಯಲ್ಲೇ ಇರಬೇಕಾಗುತ್ತದೆ. ಊತವಿಲ್ಲದ ಬರಿಯ ನೋವು ಒಂದು ರಾತ್ರಿ ಕಾಯಬಹುದು. ಜ್ವರದೊಡನೆ ಬಂದ ಊತ, ನುಂಗಲಾಗದಿರುವುದು, ಬಾಯಿ ತೆರೆಯಲಾಗದಿರುವುದು, ಕಣ್ಣಿನತ್ತ ಇಲ್ಲವೇ ಕತ್ತಿನತ್ತ ಹಬ್ಬುವ ಬಾವು, ಅರ್ಧ ಗಂಟೆ ಒತ್ತಿ ಹಿಡಿದರೂ ನಿಲ್ಲದ ರಕ್ತ, ಇವು ಕಾಯಲಾರವು. ಇವಕ್ಕೆ ಬಾಗಿಲು ತೆರೆದಿರುವ ಆಸ್ಪತ್ರೆಯೇ ಬೇಕು.

ಮಾಸ್ತರರು ಇದನ್ನೆಲ್ಲ ಆಸ್ಪತ್ರೆಯ ಹಾಸಿಗೆಯ ಮೇಲೆ, ಮಾತಾಡಲು ಬಾರದಿದ್ದ ದಿನಗಳಲ್ಲಿ, ಪಾಟಿಯ ಮೇಲೆ ಪ್ರಶ್ನೆ ಬರೆದು ಬರೆದು ವೈದ್ಯರಿಂದ ಕೇಳಿ ತಿಳಿದರು. ಸುಶ್ರುತನ ದಂತಮೂಲದ ಲೆಕ್ಕ ಅವರಿಗೆ ಆಗ ಅರ್ಥವಾಯಿತು. ಕಾಣುವ ಹಲ್ಲಿಗಿಂತ ಕಾಣದ ಬುಡವೇ ಆಳುವುದು.

ಆ ತಿಳಿವಳಿಕೆ ಏಳು ತಿಂಗಳಿಗೆ ಉಪಯೋಗಕ್ಕೆ ಬಂತು. ಹುಕ್ಕೇರಿಯ ಮೊಮ್ಮಗಳು, ಹನ್ನೊಂದರ ಹುಡುಗಿ, ಖೋಖೋ ಆಡುವಾಗ ಕಂಬಕ್ಕೆ ಬಡಿದು ಮುಂದಿನ ಹಲ್ಲೊಂದನ್ನು ಬುಡಸಹಿತ ಕಳೆದುಕೊಂಡಳು. ಮಗಳು ಅಳುತ್ತ ಫೋನು ಮಾಡಿದಳು.

‘ಹಲ್ಲ ಎಲ್ಲೈತವ್ವಾ?’

‘ನನ್ನ ಕೈಯಾಗ ಐತ್ರಿ ಅಪ್ಪಾ. ಅತ್ತಿಯವ್ರು ಸೆಗಣಿ ತರಾಕ ಹೋಗ್ಯಾರ, ಮಾಳಗಿ ಮ್ಯಾಲ ಒಗೀಬೇಕಂತ.’

ಬಿದ್ದ ಹಾಲುಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆದರೆ ಹೊಸ ಹಲ್ಲು ಚೆನ್ನಾಗಿ ಬರುವುದೆಂಬ ಸಂಪ್ರದಾಯ ನಾಡಿನ ಹಲವೆಡೆ ಇದೆ. ಅಜ್ಜಿ ಪ್ರೀತಿಯಿಂದ ಮಾಡಹೊರಟದ್ದೇ ಅದು. ಮಾಸ್ತರರು ಎದ್ದು ನಿಂತೇ ಮಾತಾಡಿದರು.

‘ಒಗೀಬ್ಯಾಡ್ರಿ ಅನ್ನು. ಅದು ಹಾಲ್ಹಲ್ಲಲ್ಲ, ಮತ್ತ ಬರೂದುಲ್ಲ. ಬೇರು ಮುಟ್ಟಬ್ಯಾಡ, ತಿಕ್ಕಬ್ಯಾಡ. ಬಟ್ಟಲದಾಗ ಹಾಲು ಹಾಕಿ ಅದರಾಗ ಇಡು. ಈಗಿಂದೀಗ ಹಲ್ಲಿನ ಡಾಕ್ಟರ ಕಡೆ ಹೊಂಡ್ರಿ. ಅರ್ಧಾ ತಾಸಿನ ಮಾತು ಇದು.’

ದಂತವೈದ್ಯರು ಇದ್ದದ್ದು ಎರಡು ಓಣಿ ಆಚೆ. ಹಲ್ಲನ್ನು ಅದರ ಗೂಡಿಗೇ ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಬಂಧಿಸಿದರು. ಎರಡು ವಾರಕ್ಕೆ ತಂತಿ ತೆಗೆದರು. ಬೇರಿನ ಚಿಕಿತ್ಸೆಯಾಯಿತು. ಇನ್ನೂ ಕೆಲವು ವರ್ಷ ಆಗಾಗ ತೋರಿಸುತ್ತಿರಬೇಕು, ಉಳಿದೇ ಉಳಿಯುತ್ತದೆಂದು ಹೇಳಲಾಗದು ಎಂದೂ ಅವರು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ.

ಮಾಸ್ತರರ ಗದ್ದದ ಕೆಳಗೆ ಈಗ ಎರಡು ಅಂಗುಲದ ಗಾಯದ ಗೆರೆಯಿದೆ. ಊರಿನಲ್ಲಿ ಯಾರಾದರೂ ಕೆನ್ನೆಗೆ ಕೈಯಿಟ್ಟು ಕುಳಿತಿದ್ದು ಕಂಡರೆ ಅವರು ಗದ್ದವೆತ್ತಿ ಆ ಗೆರೆಯನ್ನು ತೋರಿಸುತ್ತಾರೆ. ಬಳಿಕ ಗೋಕಾಕದ ಬಸ್ಸಿನ ಹೊತ್ತು ಹೇಳುತ್ತಾರೆ.