ಮನೆಯಲ್ಲಿ ಬೀಜಗಣಿತ

ಮುಂಬಯಿಯಲ್ಲಿ ನಮ್ಮ ಮಕ್ಕಳ ಕನ್ನಡ ‘ಊಟಕ್ಕೆ ಬಾ’, ‘ದೀಪ ಆರಿಸು’ ಎನ್ನುವಷ್ಟಕ್ಕೆ ಸವೆದುಹೋಗುತ್ತಿದೆ. ಬಿ.ಎಸ್‌ಸಿ. ಓದಿ ಕೇಂದ್ರ ಸರ್ಕಾರದ ಗುಮಾಸ್ತನಾದ ನಾನು ಅದಕ್ಕೊಂದು ಮದ್ದು ಕಂಡುಕೊಂಡಿದ್ದೇನೆ. ಇಂಗ್ಲಿಷ್ ಶಾಲೆಯ ಎಂಟನೆಯ ತರಗತಿಯಲ್ಲಿರುವ ಮಗಳಿಗೆ ಬೀಜಗಣಿತವನ್ನು ಕನ್ನಡದಲ್ಲೇ ಹೇಳಿಕೊಡುತ್ತೇನೆ.

3ಅ + 2ಬ ಎಂದರೆ 5ಅಬ ಏಕಲ್ಲ ಎಂದಳು. ಅ 2, ಬ 1 ಎಂದು ಇಟ್ಟು ನೋಡು ಎಂದೆ. ಒಂದು ಕಡೆ 8, ಇನ್ನೊಂದು ಕಡೆ 10! ಆಫೀಸಿನಲ್ಲಿ ಪ್ರಯಾಣಭತ್ಯೆಯನ್ನು ಸಂಬಳದ ಕಾಲಮಿಗೆ ಸೇರಿಸುವಂತಿಲ್ಲ. ಇಲ್ಲಿಯೂ ಸಜಾತಿ ಪದಗಳನ್ನಷ್ಟೇ ಕೂಡಿಸಬೇಕು.

ಅಪವರ್ತನವೆಂದರೆ ಗುಣಾಕಾರವನ್ನು ಹಿಂದಕ್ಕೆ ನಡೆಸುವುದು. ಅ² + 5ಅ + 6 ಇದೆಯೆನ್ನಿ. ಗುಣಿಸಿದರೆ 6, ಕೂಡಿಸಿದರೆ 5 ಆಗುವ ಜೋಡಿ ಹುಡುಕಬೇಕು: 2 ಮತ್ತು 3. ಉತ್ತರ (ಅ + 2)(ಅ + 3). ತಿರುಗಿ ಗುಣಿಸಿ ತಾಳೆ ನೋಡಿದರೆ ಗೈಡಿನ ಹಂಗೇ ಬೇಡ.

ಮೊನ್ನೆ ಆಕೆಯೇ 103 × 97 ಎಷ್ಟೆಂದು ಕೇಳಿದಳು. ನಾನು ಪೆನ್ಸಿಲು ಹುಡುಕುವಷ್ಟರಲ್ಲಿ, “ನೂರಕ್ಕೆ ಮೂರು ಹೆಚ್ಚು, ನೂರಕ್ಕೆ ಮೂರು ಕಡಿಮೆ. ನೂರರ ವರ್ಗದಲ್ಲಿ ಮೂರರ ವರ್ಗ ಕಳೆದರೆ 9991, ಅಪ್ಪಾ” ಎಂದಳು. ಅಷ್ಟನ್ನೂ ಕನ್ನಡದಲ್ಲೇ ಯೋಚಿಸಿದ್ದಳು! ವಾಚಕರೇ, ನಿಮ್ಮ ಮನೆಯಲ್ಲೂ ದಿನಕ್ಕೊಂದು ಲೆಕ್ಕ ಕನ್ನಡದಲ್ಲಿ ನಡೆಯಲಿ.